ಸ್ಪ್ರಿಂಗ್ ಬದಲಿಸುವ ಮುನ್ನ ಒಂದು ಮಾತು

ತಮ್ಮಾ, ಕಾರನ್ನು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ದು ಮನಸಾರೆ ಓಡಿಸಬೇಕೆಂಬ ನಿನ್ನ ಆಸೆಗೆ ನಾನು ಅಡ್ಡ ಬರುವುದಿಲ್ಲ. ಗಾಡಿಯ ತಾಕತ್ತನ್ನು ರೋಣ–ಗಜೇಂದ್ರಗಡ ರಸ್ತೆಯಲ್ಲಿ ನೋಡುವುದಕ್ಕಿಂತ ಅಲ್ಲಿ ನೋಡುವುದೇ ವಾಸಿ. ಅಲ್ಲಿ ಎದುರಿಗೆ ಚಕ್ಕಡಿ ಬರುವುದಿಲ್ಲ, ಕುರಿಹಿಂಡು ಅಡ್ಡ ನಿಲ್ಲುವುದಿಲ್ಲ. ಆದರೆ ಅದಕ್ಕಾಗಿ ಈಗಲೇ ಬಿರುಸು ಸ್ಪ್ರಿಂಗ್ ಹಾಕಿಸಿ ಗಾಡಿಯನ್ನು ನಾಲ್ಕು ಬೆರಳು ಇಳಿಸುತ್ತೇನೆ ಎನ್ನುತ್ತೀಯಲ್ಲ, ಆ ಕೆಲಸಕ್ಕೆ ಅವಸರ ಬೇಡ.

ಮೊದಲು ಲೆಕ್ಕ ಹಾಕು. ರೇಸ್ ಕಾರು ಕಟ್ಟುತ್ತಿದ್ದ ಎಸ್. ಕರಿವರ್ಧನ್ ಹೆಸರಿನ ಆ ಟ್ರ್ಯಾಕಿನ ಒಂದು ಸುತ್ತು ಸುಮಾರು 2.1 ಕಿ.ಮೀ. ಐವತ್ತು ಸುತ್ತು ಹಾಕಿದರೂ ಆಗುವುದು 105 ಕಿ.ಮೀ. ಅಲ್ಲಿಗೆ ಹೋಗಲಿಕ್ಕೇ 700 ಕಿ.ಮೀ.ಗೂ ಹೆಚ್ಚು ಬೇಕು, ಬರಲಿಕ್ಕೂ ಅಷ್ಟೇ. ಉಳಿದ ವರ್ಷವೆಲ್ಲ ಗಾಡಿ ಓಡುವುದು ನಮ್ಮ ಎರೆಯ ಮೇಲೆ. ಹಾಗಾದರೆ ಅದರ ಕಾಲುಗಳನ್ನು ಯಾವ ನೆಲಕ್ಕೆ ಹೊಂದಿಸಬೇಕು, ನೀನೇ ಹೇಳು.

ನಮ್ಮ ನೆಲದ ಗುಣ ನಿನಗೆ ಗೊತ್ತು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಹಾಸಿದ ಡಾಂಬರು ಅದರ ಜೊತೆಗೇ ಏಳುತ್ತ ಇಳಿಯುತ್ತ ಅಲೆ ಅಲೆಯಾಗುತ್ತದೆ. ಹದಿನೈದು ಮೀಟರಿಗೊಂದು ಅಲೆ ಇದೆ ಎಂದುಕೋ. 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಒಂದೂವರೆ ಸಲ ಏರಿಳಿಯುತ್ತದೆ. ಕಂಪನಿ ಸ್ಪ್ರಿಂಗಿನ ಸಹಜ ಕುಣಿತವೂ ಹೆಚ್ಚುಕಡಿಮೆ ಅಷ್ಟೇ, ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ. ಎರಡೂ ತಾಳ ಕೂಡಿದಾಗ ಗಾಡಿ ತೇಲುತ್ತದೆ. ಆಗ ಅದನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ನಿನ್ನ ಗಾಡಿ ತೇಲುತ್ತಿದ್ದರೆ ಸ್ಪ್ರಿಂಗನ್ನು ಬೈಯುವ ಮೊದಲು ಶಾಕ್‌ನ ಎಣ್ಣೆ ಸೋರಿದೆಯೇ ನೋಡು. ಎಷ್ಟೋ ಸಲ ಹೊಸ ಶಾಕ್, ಹೊಸ ಬುಷ್ ಹಾಕಿದರೆ ಸಾಕು, ಗಾಡಿ ತಿರುವಿನಲ್ಲಿ ನೆಟ್ಟಗಾಗುತ್ತದೆ.

ಸ್ಪ್ರಿಂಗಿನ ಬಿರುಸು ಎರಡರಷ್ಟಾದರೆ ಕುಣಿತದ ವೇಗ ಸುಮಾರು 1.4 ಪಟ್ಟು ಏರುತ್ತದೆ. ಅದನ್ನು ಮೊದಲಿನಷ್ಟೇ ಹದದಲ್ಲಿಡಲು ಶಾಕ್‌ನ ಬಿಗಿಯೂ ಅಷ್ಟೇ ಹೆಚ್ಚಬೇಕು. ಬರೀ ಸ್ಪ್ರಿಂಗ್ ತಂದು ಹಳೆಯ ಶಾಕ್ ಮೇಲೆ ಕೂರಿಸಿದರೆ ಗಾಡಿ ಪುಟಿಯುತ್ತದೆ, ಚಕ್ರ ನೆಲ ಬಿಡುತ್ತದೆ. ಗರಡಿಯ ಪೈಲ್ವಾನ ಮೊಣಕಾಲು ಸೆಟೆಸಿ ನಿಲ್ಲುವುದಿಲ್ಲ. ನಿಂತರೆ ಮೊದಲ ತಳ್ಳಿಗೇ ಬೀಳುತ್ತಾನೆ. ಚಕ್ರಕ್ಕೂ ಮೇಲೆ ಕೆಳಗೆ ಆಡಲು ಜಾಗ ಬೇಕು. ಗಾಡಿಯನ್ನು ಬರೀ 40 ಮಿ.ಮೀ. ಇಳಿಸಿದರೂ ಆ ಜಾಗದಲ್ಲೇ ಅಷ್ಟು ಹೋಯಿತು. ಮುಂದೆ ಒಂದು ತಗ್ಗು ಬಂದರೆ ಬಂಪ್ ಸ್ಟಾಪ್ ಎಂಬ ತಡೆ ತಾಗುತ್ತದೆ. ಅಲ್ಲಿಂದಾಚೆ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ತಿರುವಿನ ನಡುವೆ ಹೀಗಾದರೆ ಟೈರಿನ ಹಿಡಿತ ತಟ್ಟನೆ ತಪ್ಪುತ್ತದೆ, ಟ್ರ್ಯಾಕಿನಲ್ಲಾದರೂ ಅಷ್ಟೇ. ಕಲ್ಲುಮಣ್ಣಿನ ದಾರಿಯ ರ್ಯಾಲಿಗೆ ಗಾಡಿ ಕಟ್ಟುವವರನ್ನು ಕೇಳಿ ನೋಡು: ಅವರು ಎಲ್ಲಕ್ಕಿಂತ ಹೆಚ್ಚು ಕಾಪಾಡುವುದು ಈ ಜಾಗವನ್ನೇ.

ಇನ್ನು ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 2.45 ಮೀಟರ್ ಇರುವ ಸಣ್ಣ ಕಾರು ಅದನ್ನು ದಾಟುವಾಗ ಹೊಟ್ಟೆಯ ಕೆಳಗೆ ಏಳುವುದು ಸುಮಾರು 45 ಮಿ.ಮೀ. ಮಾತ್ರ. ಅಪಘಾತವಾದ ಮರುದಿನ ಊರವರೇ ಕಟ್ಟುವ ಹಂಪ್ ಕಿರಿದಾಗಿರುತ್ತದೆ, ಅದರ ಪೂರ್ತಿ ಎತ್ತರ ನಿನ್ನ ಹೊಟ್ಟೆಗೆ ಬರುತ್ತದೆ. ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಜೋಳದ ಚೀಲ ಬಿದ್ದಾಗ ಇಳಿಸಿದ ಗಾಡಿಯ ಗತಿ ಏನು? ಸುಗ್ಗಿಯಲ್ಲಿ ರಸ್ತೆ ಮೇಲೆಯೇ ಹುರುಳಿ ಒಕ್ಕಣೆ ಮಾಡುತ್ತಾರೆ. ಬಳ್ಳಿ ಗಾಡಿಯ ಅಡಿ ಸುತ್ತಿಕೊಂಡು ಬಿಸಿ ಸೈಲೆನ್ಸರ್ ತಾಗಿದರೆ ಬೆಂಕಿ ಹತ್ತುತ್ತದೆ. ಗಾಡಿ ತಗ್ಗಿದ್ದಷ್ಟೂ ಭಯ ಹೆಚ್ಚು.

ಹಾಗಾದರೆ ಏನು ಮಾಡಬೇಕು? ದುಡ್ಡು ಈ ಕ್ರಮದಲ್ಲಿ ಹಾಕು. ಮೊದಲು ಬ್ರೇಕ್. ಹೊಸ ಡಾಟ್ 4 ಎಣ್ಣೆ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಹೀರಿದ ಹಳೆಯ ಎಣ್ಣೆಗೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎಣ್ಣೆ ಕುದ್ದರೆ ಪೆಡಲ್ ಬುಡಕ್ಕೆ ಹೋಗುತ್ತದೆ. ಆಮೇಲೆ ಒಳ್ಳೆಯ ಟೈರ್. ಮೂರನೆಯದು ವೀಲ್ ಅಲೈನ್‌ಮೆಂಟ್. ಮುಂದಿನ ಚಕ್ರಗಳ ತಲೆ ಒಳಗೆ ವಾಲುವಂತೆ ಒಂದೂವರೆ ಡಿಗ್ರಿ ಕ್ಯಾಂಬರ್ ಕೊಡಿಸು, ಟೋ, ಅಂದರೆ ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರುವ ಕೋನ, ಸೊನ್ನೆ ಇಡಿಸು. ಟ್ರ್ಯಾಕಿಗೆಂದೇ ಕಟ್ಟಿದ ಗಾಡಿಗೆ ಎರಡು, ಮೂರು ಡಿಗ್ರಿ ಕೊಡುತ್ತಾರೆ. ರಸ್ತೆಗೂ ಬೇಕಾದ ಗಾಡಿಗೆ ಅಷ್ಟು ಬೇಡ. ಟೈರಿನ ಒಳ ಅಂಚು ತೇಯುತ್ತದೆ, ಟೋ ಕೆಟ್ಟರಂತೂ ಇನ್ನೂ ಬೇಗ.

ನಾಲ್ಕನೆಯದು, ಬಿಗಿ ಹೆಚ್ಚುಕಡಿಮೆ ಮಾಡಬಲ್ಲ ಶಾಕ್. ಟ್ರ್ಯಾಕಿಗೆ ನಾಲ್ಕು ಕ್ಲಿಕ್ ಬಿಗಿ ಮಾಡು, ಊರಿಗೆ ಹೊರಡುವಾಗ ಮರೆಯದೆ ಸಡಿಲಿಸು. ರಿಬೌಂಡ್, ಅಂದರೆ ಅದುಮಿದ ಸ್ಪ್ರಿಂಗ್ ಬಿಚ್ಚಿಕೊಳ್ಳುವುದನ್ನು ತಡೆಯುವ ಬಿಗಿ, ಅತಿಯಾದರೆ ನಮ್ಮ ಅಲೆ ರಸ್ತೆಯಲ್ಲಿ ಒಂದು ಕುಳಿ ದಾಟಿ ಚಕ್ರ ಕೆಳಗಿಳಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಗಾಡಿ ಕುಸಿಯುತ್ತ ಕುಸಿಯುತ್ತ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಎಷ್ಟು ಕ್ಲಿಕ್, ಎಷ್ಟು ಗಾಳಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಒಮ್ಮೆಗೆ ಒಂದನ್ನೇ ಬದಲಿಸು. ಟ್ರ್ಯಾಕಿನಲ್ಲಿ ಟೈರ್ ಕಾದಾಗ ಗಾಳಿಯ ಒತ್ತಡ ಏರುತ್ತದೆ, ಅದಕ್ಕೆ ಇಳಿಸುತ್ತಾರೆ. ವಾಪಸ್ ಹೊರಡುವ ಮೊದಲು ಮತ್ತೆ ತುಂಬಿಸು. ಮೆಕ್ಯಾನಿಕ್‌ಗೂ ಒಂದು ಮಾತು ಹೇಳು: ಲೋವರ್ ಆರ್ಮ್ ಬುಷ್‌ನ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ಚಕ್ರಗಳ ಮೇಲೆ ನಿಂತಾಗ ಆಗಬೇಕು. ಜ್ಯಾಕ್ ಮೇಲೆ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇಷ್ಟೆಲ್ಲ ಆದಮೇಲೂ ಸಾಲದೆನಿಸಿದರೆ ಸ್ಪ್ರಿಂಗಿನ ಮಾತು.

ಕಾಗದದ ಕೆಲಸವನ್ನೂ ಮರೆಯಬೇಡ. ನಮ್ಮ ಸಾಮಾನ್ಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ರೇಸ್, ವೇಗ ಪರೀಕ್ಷೆಗೆ ರಕ್ಷಣೆ ಇಲ್ಲವೆಂದು ಬರೆದಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಕಡಿವಾಣ ಹಾಕಿದೆ. ಹೊರಡುವ ಮುಂಚೆ ಎರಡನ್ನೂ ಕೇಳಿ ತಿಳಿದುಕೋ.

ಮೊದಲ ಸಲ ಕಂಪನಿ ಸ್ಪ್ರಿಂಗಿನಲ್ಲೇ ಹೋಗು. ಗಾಡಿ ವಾಲಲಿ, ಹೆದರಬೇಡ. ವಾಲುವ ಗಾಡಿ ಹಿಡಿತ ತಪ್ಪುವ ಮೊದಲು ಎಚ್ಚರಿಸುತ್ತದೆ, ಹೊಸಬನಿಗೆ ಅದೇ ಪಾಠ. ಮರಳಿ ಬಂದಮೇಲೆ ಟೈರಿನ ಹೊರ ಅಂಚು, ಒಳ ಅಂಚು ಎರಡನ್ನೂ ನೋಡೋಣ. ಹೊರಗಡೆಯೇ ಹೆಚ್ಚು ತೇದಿದ್ದರೆ ಕ್ಯಾಂಬರ್ ಇನ್ನಷ್ಟು ಬೇಕು, ಅದಕ್ಕೆ ಕ್ಯಾಂಬರ್ ಹೊಂದಿಸುವ ಬೋಲ್ಟ್ ಸಾಕು. ಸ್ಪ್ರಿಂಗಿಗೆಂದು ಕೂಡಿಟ್ಟ ದುಡ್ಡು ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಇರಲಿ, ಅಥವಾ ಇನ್ನೊಂದು ಸಲ ಟ್ರ್ಯಾಕಿಗೆ ಹೋಗಲು ಡೀಸೆಲ್‌ಗೆ ಆಗಲಿ.