ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ನೀರು?

ನೀರೆತ್ತಲು ವಿದ್ಯುತ್ತು ಬೇಕೆಂಬುದು ಬಸ್ತಿಹಳ್ಳಿ, ಹಳೇಬೀಡು ಸುತ್ತಿನ ರೈತ ಬಾಂಧವರಿಗೆ ಹೊಸ ಮಾತಲ್ಲ. ಆದರೆ ವಿದ್ಯುತ್ತು ತಯಾರಿಸಲೂ ನೀರು ಬೇಕೆಂಬುದನ್ನು ನಾವು ಯೋಚಿಸುವುದು ಕಡಿಮೆ. ನಮ್ಮ ಪಂಪಿಗೆ ಬರುವ ವಿದ್ಯುತ್ತಿನಲ್ಲಿ ಜಲ, ಅಣು, ಗಾಳಿ, ಬಿಸಿಲುಗಳ ಪಾಲಿನ ಜೊತೆಗೆ ಕಲ್ಲಿದ್ದಲಿನ ಪಾಲೂ ಸೇರಿದೆ.

ನೀರು ಖರ್ಚಾಗುವ ಬಗೆ

ಕಲ್ಲಿದ್ದಲು ಉರಿಸಿ ನೀರನ್ನು ಹಬೆ ಮಾಡಿ, ಆ ಹಬೆಯಿಂದ ಟರ್ಬೈನ್ ತಿರುಗಿಸುತ್ತಾರೆ. ಬಳಸಿದ ಹಬೆಯನ್ನು ತಣಿಸಿ ಮತ್ತೆ ಬಾಯ್ಲರಿಗೆ ಕಳಿಸುತ್ತಾರೆ. ಹೀಗೆ ತಣಿಸುವಾಗ ಬಿಸಿಯಾದ ಬೇರೆ ನೀರು ಕೂಲಿಂಗ್ ಟವರಿಗೆ ಹೋಗುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವಾಗ ಸ್ವಲ್ಪ ನೀರು ಆರಿಹೋಗುವಂತೆ, ಇಲ್ಲಿಯೂ ಒಂದು ಪಾಲು ಆವಿಯಾಗುತ್ತದೆ. ಮುಖ್ಯ ಖರ್ಚು ಇದೇ. ಬೂದಿ ಸಾಗಿಸಲೂ ನೀರು ಬೇಕು.

ಕೂಲಿಂಗ್ ಟವರ್ ಇರುವ ಹಳೆಯ ಸ್ಥಾವರಗಳು ಯೂನಿಟ್ಟಿಗೆ 3.5 ಲೀಟರಿಗಿಂತ ಹೆಚ್ಚು ನೀರು ಬಳಸಬಾರದೆಂದು ಕೇಂದ್ರ ಸರ್ಕಾರ 2015ರಲ್ಲಿ ನಿಯಮ ಮಾಡಿತು. ಅಂಕಿ ಚಿಕ್ಕದಾಗಿ ಕಾಣುತ್ತದೆ. ಆದರೆ 1985ರಲ್ಲಿ ಉತ್ಪಾದನೆ ಆರಂಭಿಸಿದ ರಾಯಚೂರು ಸ್ಥಾವರವನ್ನು ನೋಡಿರಿ. ಕೃಷ್ಣೆಯ ನೀರನ್ನು ಬಳಸುವ ಇದರ 210 ಮೆಗಾವಾಟಿನ ಒಂದು ಘಟಕ ಪೂರ್ಣವಾಗಿ ನಡೆದರೆ, ಈ ಮಿತಿಯ ಲೆಕ್ಕದಲ್ಲಿ ದಿನಕ್ಕೆ ಸುಮಾರು 176 ಲಕ್ಷ ಲೀಟರು ಬೇಕಾಗುತ್ತದೆ. ಎಕರೆಗೆ 5 ಸೆಂ.ಮೀ. ಆಳದಂತೆ ಒಂದು ಸಲ ಹಾಯಿಸಿದರೆ ಇದು 87 ಎಕರೆಗೆ ಸಾಕು. ನೀರಿಲ್ಲದಿದ್ದರೆ ಸ್ಥಾವರವೂ ನಿಲ್ಲುತ್ತದೆ. 2016ರ ಮಾರ್ಚಿನಲ್ಲಿ ಪಶ್ಚಿಮ ಬಂಗಾಳದ ಫರಕ್ಕಾ ಸ್ಥಾವರ ಹೀಗೆಯೇ ನಿಂತಿತ್ತು. ಬೆಳೆಗೆ ನೀರು ಬೇಕಾದ ಬೇಸಿಗೆಯಲ್ಲೇ ವಿದ್ಯುತ್ತಿಗೂ ನೀರಿನ ಅಭಾವವಾಗುವುದು ಗಮನಿಸಬೇಕಾದ ಅಂಶ.

ರೈತರ ಲೆಕ್ಕ

ನೂರು ಮೀಟರ್ ಆಳದಿಂದ ನೀರೆತ್ತುವ ಪಂಪ್‌ಸೆಟ್ಟಿನ ಒಟ್ಟು ದಕ್ಷತೆ ಶೇ. 30 ಇದ್ದರೆ, 10 ಲಕ್ಷ ಲೀಟರ್ ಎತ್ತಲು ಸುಮಾರು 908 ಯೂನಿಟ್ ಬೇಕು. ದಕ್ಷತೆ ಶೇ. 45 ಆದರೆ 606 ಯೂನಿಟ್ ಸಾಕು. ಉಳಿಯುವ 302 ಯೂನಿಟ್ ಕಲ್ಲಿದ್ದಲಿನದಾದರೆ, ಸ್ಥಾವರದಲ್ಲಿ ಸುಮಾರು 1,050 ಲೀಟರು ನೀರೂ, ಯೂನಿಟ್ಟಿಗೆ 0.7 ಕಿಲೋದಂತೆ 200 ಕಿಲೋಗೂ ಮಿಕ್ಕಿ ಕಲ್ಲಿದ್ದಲೂ ಉಳಿಯುತ್ತವೆ. ಬಿಲ್ಲು ಬಾರದ ಪಂಪಿಗೂ ಈ ಖರ್ಚು ತಪ್ಪಿದ್ದಲ್ಲ.

ಇನ್ನೊಂದು ಮಾತು. ಅಷ್ಟೇ ನೀರು 25 ಮೀಟರ್ ಆಳದಲ್ಲಿ ಸಿಕ್ಕರೆ, ಅದೇ ದಕ್ಷತೆಯಲ್ಲಿ ನಾಲ್ಕನೇ ಒಂದು ಪಾಲು ವಿದ್ಯುತ್ತು ಸಾಕು. ಆದ್ದರಿಂದ ದ್ವಾರಸಮುದ್ರದಂತಹ ಕೆರೆಗಳಲ್ಲಿ ನೀರು ನಿಲ್ಲಿಸಿ ಅಂತರ್ಜಲ ಕಾಯುವುದು ವಿದ್ಯುತ್ತನ್ನೂ ಉಳಿಸುವ ಕೆಲಸ.

ಕೈಗೊಳ್ಳಬೇಕಾದ ಕ್ರಮಗಳು

1. ಬಾವಿಯ ಆಳ, ನೀರಿನ ಇಳುವರಿ ಅಳೆದು ಅದಕ್ಕೆ ತಕ್ಕ ಐ.ಎಸ್.ಐ. ಗುರುತಿನ ಪಂಪನ್ನೇ ಕೊಳ್ಳಿರಿ. ಅಶ್ವಶಕ್ತಿ ಹೆಚ್ಚಿದ್ದರೆ ಬಾವಿಯ ನೀರು ಹೆಚ್ಚುವುದಿಲ್ಲ.
2. ಸರಿಯಾದ ಅಳತೆಯ ಕೊಳವೆ ಹಾಕಿಸಿರಿ. ಅನಾವಶ್ಯಕ ಬಾಗುಗಳನ್ನೂ ಸೋರಿಕೆಯನ್ನೂ ತಪ್ಪಿಸಿರಿ.
3. ತೆಂಗಿಗೆ ಹನಿ ನೀರಾವರಿ ಅಳವಡಿಸಿ, ಬುಡಕ್ಕೆ ಗರಿ, ಸಿಪ್ಪೆಗಳ ಹೊದಿಕೆ ಹಾಕಿರಿ.
4. ವಿದ್ಯುತ್ತು ಬಂದಾಗಲೆಲ್ಲ ತಾನೇ ನೀರೆತ್ತುವಂತೆ ಪಂಪನ್ನು ಬಿಡಬೇಡಿರಿ. ಮಣ್ಣಿನ ತೇವ ನೋಡಿ ಚಾಲೂ ಮಾಡಿರಿ.

ತೋಟದಲ್ಲಿ ಉಳಿಸಿದ ವಿದ್ಯುತ್ತು ದೂರದ ಕೃಷ್ಣೆಯಲ್ಲೂ ಒಂದಿಷ್ಟು ನೀರನ್ನು ಉಳಿಸಬಲ್ಲದು. ಅಲ್ಲಿಯೂ ನಮ್ಮಂತೆಯೇ ನೀರಿಗೆ ಕಾದಿರುವ ರೈತರಿದ್ದಾರೆ.