ಎರಡನೇ ಬೇಸ್‌ಮೆಂಟಿಗೂ ಸಂದೇಶ ಮುಟ್ಟಲಿ

ರಾತ್ರಿ ಕರೆಂಟ್ ಹೋಗಿದೆ. ಎಲೆಕ್ಟ್ರಿಷಿಯನ್ ಎರಡನೇ ಬೇಸ್‌ಮೆಂಟಿನಲ್ಲಿದ್ದಾರೆ, ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಇದೇ ಪಾಡು. ಅಂಗೈಯಲ್ಲಿ ಹಿಡಿಸುವ, ಕಡಿಮೆ ಶಕ್ತಿಯಲ್ಲೇ ದೂರ ಮುಟ್ಟುವ ಲೋರಾ ರೇಡಿಯೊ, ಅದರೊಳಗೆ ಮೆಶ್‌ಟಾಸ್ಟಿಕ್ ಎಂಬ ಉಚಿತ ತಂತ್ರಾಂಶ ಇದ್ದರೆ ಸಿಮ್ ಬೇಡ, ಇಂಟರ್‌ನೆಟ್ ಬೇಡ. ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿ ಬರೆದರೆ ಸಂದೇಶ ಒಂದು ರೇಡಿಯೊದಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಗುತ್ತದೆ. ಉತ್ತರವೂ ಹಾಗೆಯೇ ಬರುತ್ತದೆ.

1. 865–867 ಮೆಗಾಹರ್ಟ್ಸ್‌ನ ಸಾಧನವನ್ನೇ ಕೊಳ್ಳಿ. ಭಾರತದಲ್ಲಿ ನಿಗದಿತ ಶಕ್ತಿಯೊಳಗೆ ಪರವಾನಗಿಯಿಲ್ಲದೆ ಬಳಸಬಹುದಾದ ಬ್ಯಾಂಡ್ ಇದು. ವೈಫೈನ 2.4 ಗಿಗಾಹರ್ಟ್ಸ್ ಅಲೆಗಿಂತ ಇದು ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ.

2. ಮೊದಲು ಆಂಟೆನಾ, ಆಮೇಲೆ ಬ್ಯಾಟರಿ. ಆಂಟೆನಾ ಇಲ್ಲದೆ ಚಾಲೂ ಮಾಡಿದರೆ ರೇಡಿಯೊ ಸುಟ್ಟುಹೋಗಬಹುದು.

3. ಮೆಟ್ಟಿಲನ್ನು ನಂಬಿ. ಇಟ್ಟಿಗೆ ಗೋಡೆಗಿಂತ ಕಬ್ಬಿಣ ತುಂಬಿದ ಆರ್‌ಸಿಸಿ ಸ್ಲ್ಯಾಬ್ ಅಲೆಯನ್ನು ಹೆಚ್ಚು ನುಂಗುತ್ತದೆ. ಮೆಟ್ಟಿಲಿನ ಜಾಗದಲ್ಲಿ ಮೇಲಿಂದ ಕೆಳಗಿನವರೆಗೆ ಬಯಲು ಸಿಗುತ್ತದೆ. ಅಲೆಗೂ ಅದೇ ದಾರಿ. ನಡುವಿನ ಮಹಡಿಯ ಲ್ಯಾಂಡಿಂಗ್‌ನಲ್ಲಿ ಒಂದು, ಬೇಸ್‌ಮೆಂಟ್ ಬಾಗಿಲ ಬಳಿ ಒಂದು ರೇಡಿಯೊ ಇಡಿ. ಎಲ್ಲಿಡಬೇಕೆಂದು ಊಹಿಸಬೇಡಿ, ನಡೆದು ನೋಡಿ: ಒಬ್ಬರು ಮೇಲೆ ಕೂತಿರಲಿ, ಇನ್ನೊಬ್ಬರು ಪ್ರತಿ ಮಹಡಿಯಿಂದ ಅದರ ಸಂಖ್ಯೆಯನ್ನಷ್ಟೇ ಕಳಿಸಲಿ. ಯಾವ ಸಂಖ್ಯೆ ಬರಲಿಲ್ಲವೋ ಅಲ್ಲಿ ಕೊಂಡಿ ಕಡಿದಿದೆ. ಉಕ್ಕಿನ ಫೈರ್ ಡೋರ್ ಮುಚ್ಚಿದಾಗಲೂ ಒಮ್ಮೆ ಪರೀಕ್ಷಿಸಿ.

4. ಕನ್ನಡದಲ್ಲೇ ಬರೆಯಿರಿ, ಚುಟುಕಾಗಿ ಬರೆಯಿರಿ. ಒಂದು ಸಂದೇಶಕ್ಕೆ ಸಿಗುವುದು ಸುಮಾರು 200 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದಲ್ಲಿ ಅಕ್ಷರಕ್ಕೆ 3, ಅದರ ಕೊಂಬಿಗೋ ಸೊನ್ನೆಗೋ ಮತ್ತೆ 3. ‘ಕ್ಷ’ ಒಂದೇ 9 ಬೈಟ್ ತಿನ್ನುತ್ತದೆ. ಆದರೂ ‘ನೀರು ಬಂತು’ ಎನ್ನಲು 25 ಸಾಕು. ಕಾವಲುಗಾರರಿಗೂ ಪಂಪ್ ಆಪರೇಟರ್‌ಗೂ ಓದಲು ಬರುವ ಭಾಷೆಯನ್ನು ಬೈಟ್ ಉಳಿಸಲೆಂದು ಬಿಡಬಾರದು.

5. ಚಾನೆಲ್ ಕೀ, ಅಂದರೆ ಸಂದೇಶಕ್ಕೆ ಬೀಗ ಹಾಕುವ ಗುಟ್ಟಿನ ಸಂಕೇತ, ಬದಲಿಸಿ. ಮೊದಲೇ ಬಂದಿರುವ ಕೀ ಎಲ್ಲರಿಗೂ ಗೊತ್ತಿರುವಂಥದು. ಬದಲಿಸದಿದ್ದರೆ ಮನೆಯ ಮಾತು ಬೀದಿಗೆ ಹೋಗುತ್ತದೆ.

6. ಹಾಪ್ ಮಿತಿ, ಅಂದರೆ ಸಂದೇಶ ಎಷ್ಟು ಸಲ ದಾಟಬಹುದೆಂಬ ಲೆಕ್ಕ, 3ರಲ್ಲೇ ಇರಲಿ. 7ರವರೆಗೆ ಏರಿಸಬಹುದು ನಿಜ. ಆದರೆ ಪ್ರತಿ ರೇಡಿಯೊ ಅದದೇ ಸಂದೇಶವನ್ನು ಮತ್ತೆ ಕೂಗತೊಡಗಿದರೆ ಹೊಸ ಮಾತಿಗೆ ಜಾಗ ಸಿಗದು.

7. ‘ಸರಿ’ ಎಂಬ ಉತ್ತರ ಕಡ್ಡಾಯ ಮಾಡಿ. ತೆರೆಯ ಮೇಲಿನ ಗುರುತು ರೇಡಿಯೊಗೆ ಮುಟ್ಟಿದ್ದನ್ನು ಹೇಳುತ್ತದೆ, ಮನುಷ್ಯ ಓದಿದ್ದನ್ನಲ್ಲ.

8. ವಾರಕ್ಕೊಮ್ಮೆ ಚಾರ್ಜ್ ನೋಡಿ. ಲ್ಯಾಂಡಿಂಗ್‌ನಲ್ಲಿ ಇಡುವುದಕ್ಕೆ ಇಎಸ್‌ಪಿ32ಕ್ಕಿಂತ ಎನ್‌ಆರ್‌ಎಫ್52 ಚಿಪ್‌ನ ಸಾಧನ ಮೇಲು. ಕಡಿಮೆ ಕರೆಂಟ್ ಎಳೆಯುತ್ತದೆ.

9. ಲಿಫ್ಟಿನೊಳಗೆ ಈ ರೇಡಿಯೊವನ್ನು ನೆಚ್ಚಬೇಡಿ. ಲಿಫ್ಟ್ ಎಂದರೆ ಲೋಹದ ಡಬ್ಬಿ. ಅಲ್ಲಿನ ಅಲಾರ್ಮ್ ಗುಂಡಿ ಕೆಲಸ ಮಾಡುತ್ತಿದೆಯೇ ಎಂದು ಇವತ್ತೇ ಒತ್ತಿ ನೋಡಿ.