ಕುಳ್ಳರ ಸೀಟು

ಪುಟ್ಟಿ,

ನಿನ್ನ ಫೋಟೊ ಬಂತು. ಶೋರೂಮಿನಲ್ಲಿ ಹಿಮಾಲಯನ್ 450 ಬೈಕಿನ ಮೇಲೆ ಕೂತಿದ್ದೀಯ. ಮುಖದ ತುಂಬ ನಗು, ಕೆಳಗೆ ಹೆಬ್ಬೆರಳ ತುದಿಯಲ್ಲಿ ತೂಗಾಡುವ ಎರಡು ಕಾಲು. ನಿಮ್ಮಮ್ಮ ನಗು ನೋಡಿ ಹಿಗ್ಗಿದಳು, ನಾನು ಹೆಬ್ಬೆರಳು ನೋಡಿದೆ. "ಮಾವ, ಸೀಟು ಎರಡಿಂಚು ಕೊಯ್ಯಿಸಿಬಿಟ್ಟರೆ ಆಯ್ತಲ್ವಾ?" ಅಂತ ಕೆಳಗೆ ಬರೆದಿದ್ದೀಯ. ಆ ಒಂದು ಸಾಲಿಗೆ ಈ ಕಾಗದ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಇಟ್ಟುಬಿಡುತ್ತೀಯ.

ನಾನೂ ಐದಡಿ ಮೂರಿಂಚಿನವನೇ. ನಮ್ಮ ವಂಶಕ್ಕೆ ಎತ್ತರ ಒಲಿಯಲಿಲ್ಲ, ಅಟ್ಟದ ಡಬ್ಬಿ ತೆಗೆಯೋಕೆ ಎಲ್ಲರ ಮನೆಯಲ್ಲೂ ಒಂದೊಂದು ಸ್ಟೂಲು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗನ್ನು, 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ವರ್ಷಗಟ್ಟಲೆ ಓಡಿಸಿದೆ. ಅದರಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ ಕಡ್ಡಿ, ಅದೂ ಎಡಗಡೆಗೆ. ನಾನು ಅದನ್ನು ಒದೆಯಲು ಎಗರುವುದನ್ನು ನೋಡಿ ಬಸ್ ಸ್ಟ್ಯಾಂಡಿನ ಬೀಡಾ ಅಂಗಡಿಯವನು ದಿನಾ ನಗುತ್ತಿದ್ದ. ಅದಾದ ಮೇಲೆ ಹಳೇ ಹಿಮಾಲಯನ್, ಈಗ ಮೀಟಿಯರ್. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ಬೆಲೆ ಇದೆ ಅಂದುಕೊಂಡಿದ್ದೇನೆ.

ನೀನು ಕೇಳಿದ ಎರಡಿಂಚು ನಾನು ಕೊಯ್ಯಿಸಿ ನೋಡಿದ್ದೇನೆ. 2016ರಲ್ಲಿ ಬಂದ ಮೊದಲ ಹಿಮಾಲಯನ್‌ನ ಸೀಟು ನೆಲದಿಂದ 800 ಮಿಲಿಮೀಟರ್. ಸಿಗ್ನಲ್ಲಿನಲ್ಲಿ ಹಿಮ್ಮಡಿ ಊರುತ್ತಿರಲಿಲ್ಲ. ಸೀಟಿನ ಅಂಗಡಿಯೊಂದಕ್ಕೆ ಹೋದೆ. ಆತ ರೆಕ್ಸಿನ್ ಬಿಚ್ಚಿ, ಉದ್ದನೆಯ ಬ್ಲೇಡಿನಲ್ಲಿ ಫೋಮನ್ನು ಮೇಲಿನಿಂದ ಸಮನಾಗಿ ಸೀಳಿದ. ತುಪ್ಪದಂಥ ಕೆಲಸ, ಹದಿನೈದೇ ನಿಮಿಷ. ಕೂತೆ, ಎರಡೂ ಪಾದ ನೆಲಕ್ಕೆ ಅಂಟಿತು. ರಾಜ್ಯ ಗೆದ್ದ ಖುಷಿ. ಮರುದಿನ ಶಿವಮೊಗ್ಗದಲ್ಲಿ ಮದುವೆ. ತುಮಕೂರಲ್ಲಿ ಹತ್ತಿದಾಗ ಮೆತ್ತಗಿದ್ದದ್ದು ತಿಪಟೂರಲ್ಲಿ ಗಟ್ಟಿಯಾಯಿತು, ಅರಸೀಕೆರೆಯಲ್ಲಿ ಹಲಗೆಯಾಯಿತು. ಕಡೂರು ದಾಟುವಾಗ ನಾನು ಫುಟ್‌ರೆಸ್ಟಿನ ಮೇಲೆ ನಿಂತುಕೊಂಡೇ ಓಡಿಸುತ್ತಿದ್ದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರಲಾಗದೆ, ಅಡುಗೆ ಭಟ್ಟರ ಪಕ್ಕ ನಿಂತು ಹೋಳಿಗೆ ತಿಂದವನು ನಾನೊಬ್ಬನೇ. ಯಾಕೆ ಅಂತ ಕೇಳಿದವರಿಗೆಲ್ಲ ಮಂಡಿ ನೋವು ಅಂದೆ.

ಮನೆಗೆ ಬಂದು ನಾನೇ ಸ್ಟೇಪಲ್ ಪಿನ್ ಎಬ್ಬಿಸಿ ರೆಕ್ಸಿನ್ ತೆಗೆದೆ. ಕೂರುವ ಜಾಗದಲ್ಲಿ ಉಳಿದಿದ್ದದ್ದು ಎರಡು ಬೆರಳು ದಪ್ಪದ ಫೋಮು. ತಿರುಗಿಸಿ ನೋಡಿದರೆ ಪ್ಲಾಸ್ಟಿಕ್ ತಳದ ಏಣುಗಳು ಅದರ ಮೇಲೆ ಚಪಾತಿ ಮಣೆಯ ಗೆರೆಯಂತೆ ಅಚ್ಚೊತ್ತಿದ್ದವು. ಇನ್ನೂರು ಕಿಲೋಮೀಟರ್ ನಾನು ಕೂತಿದ್ದದ್ದು ಆ ಏಣುಗಳ ಮೇಲೆ.

ಆಮೇಲೆ ಲೆಕ್ಕ ಹಾಕಿದೆ. ಆ ದಾರಿಯಲ್ಲಿ ನಾನು ನೆಲಕ್ಕೆ ಕಾಲು ಕೊಟ್ಟದ್ದು ಹೆಚ್ಚೆಂದರೆ ಇಪ್ಪತ್ತು ಸಲ, ಎಲ್ಲ ಸೇರಿದರೆ ಹತ್ತು ನಿಮಿಷವಿಲ್ಲ. ಕೂತದ್ದು ಐದು ತಾಸು. ಹತ್ತು ನಿಮಿಷದ ಭಯಕ್ಕೆ ಐದು ತಾಸನ್ನು ಒತ್ತೆ ಇಟ್ಟಿದ್ದೆ. ನೀನು ಹೊರಟಿರುವುದು ಸ್ಪಿತಿಗೆ, ಅಲ್ಲಿ ದಿನಕ್ಕೆ ಎಂಟು ತಾಸು.

ಹಾಗಂತ ಕಾಲು ತಾಗದಿದ್ದರೂ ನಡೆಯುತ್ತೆ ಅಂತ ನಾನು ಹೇಳುತ್ತಿಲ್ಲ. 196 ಕಿಲೋ ಗಾಡಿ ಒಮ್ಮೆ ವಾಲಿದರೆ ನೀನೂ ಹಿಡಿಯಲಾರೆ, ನಿನ್ನ ಎತ್ತರದ ಗೆಳೆಯರೂ ಹಿಡಿಯಲಾರರು. ಕೊಯ್ಯಿಸಬೇಕಾದ ಜಾಗ ಬೇರೆ ಅಂತ ಅಷ್ಟೇ.

ಚಿಕ್ಕಂದಿನಲ್ಲಿ ಅಜ್ಜನ ಮನೆಯಲ್ಲಿ ನೀನು ಎಮ್ಮೆ ಮೇಲೆ ಕೂತಿದ್ದು ನೆನಪಿದೆಯಾ? ಎಮ್ಮೆ ಏನು ಎತ್ತರವಿರಲಿಲ್ಲ. ಆದರೂ ನಿನ್ನ ಕಾಲು ಎರಡು ಕಡೆಗೆ ಚಾಚಿಕೊಂಡು ಗಾಳಿಯಲ್ಲಿದ್ದವು, ಬೆನ್ನು ಅಷ್ಟು ಅಗಲ. ಸೀಟಿನ ಕತೆಯೂ ಅದೇ. ಕಂಪನಿಯವರು ಅಚ್ಚು ಹಾಕುವುದು ನೆಲದಿಂದ ಸೀಟಿಗಿರುವ ಎತ್ತರವನ್ನು ಮಾತ್ರ. ನಿನ್ನ ಕಾಲು ಆ ಸೀಟಿನ ಅಂಚನ್ನು ಬಳಸಿಕೊಂಡು ಕೆಳಗಿಳಿಯಬೇಕಲ್ಲ, ಆ ಸುತ್ತು ಯಾವ ಕಾಗದದಲ್ಲೂ ಇರುವುದಿಲ್ಲ. ಒಂದೇ ಎತ್ತರದ ಎರಡು ಗಾಡಿಯಲ್ಲಿ ಒಂದರಲ್ಲಿ ಪಾದ ಊರುವುದು, ಇನ್ನೊಂದರಲ್ಲಿ ಬೆರಳು ಮಾತ್ರ ತಾಗುವುದು ಇದಕ್ಕೇ. ಟ್ಯಾಂಕಿಗೆ ಹತ್ತಿರ, ತೊಡೆ ಹೊರಬೀಳುವ ಆ ಮುಂದಿನ ಮೂಗಿನ ಎರಡೂ ಅಂಚನ್ನು ಒಂದೊಂದು ಇಂಚು ಇಳಿಜಾರಾಗಿ ತೆಗೆಸು. ಹಿಂದೆ, ಭಾರ ಬೀಳುವಲ್ಲಿ, ಬ್ಲೇಡು ಮುಟ್ಟದಿರಲಿ. ನಿಲ್ಲಿಸುವಾಗ ನೀನು ಹೇಗೂ ಮುಂದಕ್ಕೆ ಜಾರಿಕೊಳ್ಳುತ್ತೀಯ, ಓಡಿಸುವಾಗ ಹಿಂದಕ್ಕೆ ಕೂರುತ್ತೀಯ. ಒಂದೇ ಸೀಟಿನಲ್ಲಿ ಎರಡು ಜಾಗ ಅಂದುಕೋ.

ಆ ಹಿಂದಿನ ಜಾಗ ಎಷ್ಟು ಅಗಲವಿರಬೇಕು ಅನ್ನೋದಕ್ಕೆ ಮನೆಯಲ್ಲೇ ಒಂದು ಉಪಾಯವಿದೆ. ಯಾವುದಾದರೂ ಪಾರ್ಸೆಲ್ಲಿನ ಏಣೇಣಿನ ರಟ್ಟು ಬಂದಿರುತ್ತಲ್ಲ, ಅದನ್ನು ಮರದ ಸ್ಟೂಲಿನ ಮೇಲೆ ಹಾಸಿ, ತೆಳು ಪೈಜಾಮದಲ್ಲಿ ಅದರ ಮೇಲೆ ಎರಡು ನಿಮಿಷ ನೆಟ್ಟಗೆ ಕೂರು. ಎದ್ದು ನೋಡಿದರೆ ಎರಡು ಗುಳಿ ಬಿದ್ದಿರುತ್ತವೆ. ಕೂರುವಾಗ ಮೈಭಾರ ಹೊರುವ ಮೂಳೆಗಳ ಗುರುತು ಅವು. ಎರಡರ ನಡುವಿನ ಅಳತೆ ತೆಗೆದುಕೋ. ಹೆಣ್ಣುಮಕ್ಕಳ ಸೊಂಟದ ಕಟ್ಟೇ ಬೇರೆ, ಆ ಎರಡು ಗುಳಿ ಗಂಡಸರಿಗಿಂತ ಸಾಮಾನ್ಯವಾಗಿ ಹೆಚ್ಚು ದೂರ ಇರುತ್ತವೆ. ಕುಳ್ಳಿ ಅಂತ ಸೀಟಿನ ಉದ್ದಕ್ಕೂ ಕಿರಿದು ಮಾಡಿಸಿದರೆ ಮೂಳೆ ಅಂಚಿನಿಂದಾಚೆ ಬಿದ್ದು, ಭಾರವೆಲ್ಲ ನಡುವಿನ ಮೆದು ಜಾಗಕ್ಕೆ ಬರುತ್ತದೆ. ಆಮೇಲೆ ಜೋಮು ಹಿಡಿಯುತ್ತದೆ. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಹಲ್ಲು ಕಚ್ಚಿಕೊಂಡು ಓಡಿಸುವ ಹುಡುಗಿಯರನ್ನು ನಾನು ದಾರಿಯಲ್ಲಿ ನೋಡಿದ್ದೇನೆ. ಸೀಟಿನವನಿಗೆ ಆ ರಟ್ಟನ್ನೇ ತೋರಿಸು, ನಾಚಿಕೊಳ್ಳಬೇಡ. ಟೈಲರ್‌ಗೆ ಅಳತೆ ರವಿಕೆ ಕೊಟ್ಟ ಹಾಗೆ.

ಫೋಮಿನ ವಿಷಯದಲ್ಲಿ ನಮ್ಮ ಬೆರಳನ್ನು ನಾವೇ ನಂಬಬಾರದು. ಅಂಗಡಿಯಲ್ಲಿ ಒತ್ತಿ ನೋಡಿ, ಮಲ್ಲಿಗೆಯಂತಿದೆ ಅನ್ನುತ್ತೇವೆ. ಮೆತ್ತಗಿನ ಫೋಮು ಅರ್ಧ ಗಂಟೆಗೆ ಕುಸಿದು ತಳ ಮುಟ್ಟಿಸುತ್ತದೆ. ತಗ್ಗಿನ ಸೀಟಿನಲ್ಲಿ ಕುಸಿಯಲು ಜಾಗವೇ ಇಲ್ಲವಲ್ಲ, ಅದಕ್ಕೇ ಅಲ್ಲಿ ಗಟ್ಟಿ ಫೋಮು ಬೇಕು. ಚೂರುಚೂರು ಫೋಮನ್ನು ಅಂಟಿಸಿ ಒತ್ತಿ ಮಾಡಿದ ಬಣ್ಣಬಣ್ಣದ ಹಲಗೆ ಸಿಗುತ್ತದೆ, ರೀಬಾಂಡೆಡ್ ಅಂತಾರೆ. ತಳದಲ್ಲಿ ಅದರ ಒಂದು ಪದರ, ಮೇಲೆ ಬೆರಳುದಪ್ಪ ಮೆತ್ತನೆಯದು. ಮೊದಲ ದಿನ ಬೈಯುತ್ತೀಯ, ಮೂರನೇ ದಿನ ಸುಮ್ಮನಾಗುತ್ತೀಯ. ಮೆಮೊರಿ ಫೋಮ್ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಸ್ಪಿತಿಯ ಕಾಜಾದ ಬೆಳಗಿನ ಚಳಿ ನೆನಪಿಸಿಕೋ. ತಣ್ಣಗಾದಷ್ಟೂ ಅದು ಬಿರುಸು. ಜೆಲ್ ಇನ್ನೊಂದು ಕಡೆಯ ಕಷ್ಟ, ಬಳ್ಳಾರಿ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ ಬಂದು ಕೂತರೆ ಕಾವಲಿ. ಗಾಳಿ ತುಂಬುವ ಕುಷನ್‌ಗಳು ನಿಜಕ್ಕೂ ಒಳ್ಳೆಯವು, ಗಾಲಿಕುರ್ಚಿಯಲ್ಲಿ ದಿನವಿಡೀ ಕೂರುವವರಿಗೆ ಹುಣ್ಣಾಗದಿರಲಿ ಅಂತ ಬಳಸುವ ಜಾತಿಯವು. ಆದರೆ ಅವು ನಿನ್ನನ್ನು ಅಷ್ಟು ಮೇಲೆ ಎತ್ತುತ್ತವೆ. ಅರ್ಧ ಗಾಳಿ ಮಾತ್ರ ತುಂಬಿಸು.

ಹೊಲಿಗೆ ಎಲ್ಲಿ ಬರುತ್ತೆ ಅಂತ ಮೊದಲೇ ಕೇಳು. ಡಿಸೈನಿನ ಹೆಸರಲ್ಲಿ ಸೀಟಿನ ನಡುವೆ ವಜ್ರದಾಕಾರ ಹೊಲಿದುಕೊಡುತ್ತಾರೆ, ಫೋಟೊಗೆ ಚಂದ. ಆಗುಂಬೆ ಮಳೆಗೆ ಆ ಸೂಜಿ ತೂತಿನಿಂದಲೇ ನೀರಿಳಿಯುವುದು. ಮಳೆ ನಿಂತು ಬಿಸಿಲು ಬಂದಮೇಲೂ ಕೂತಾಗಲೆಲ್ಲ ಪಿಚಕ್ ಅನ್ನುತ್ತೆ. ಹೊಲಿಗೆ ಪಕ್ಕಕ್ಕಿರಲಿ.

ಇನ್ನೊಂದು, ನನಗೆ ತಡವಾಗಿ ಹೊಳೆದದ್ದು. ಸೀಟು ಇಳಿದಷ್ಟೂ ಫುಟ್‌ರೆಸ್ಟಿಗೂ ಅದಕ್ಕೂ ನಡುವಿನ ಅಂತರ ಇಳಿಯುತ್ತದೆ, ಮಂಡಿ ಮಡಚಿಕೊಳ್ಳುತ್ತದೆ. ಜೊತೆಗೆ ಮುಂದಕ್ಕೆ ಇಳಿಜಾರಾಗಿ ಕೊಯ್ದರೆ ಬ್ರೇಕ್ ಹಾಕಿದಾಗಲೆಲ್ಲ ಟ್ಯಾಂಕಿಗೆ ಹೋಗಿ ಬಡಿಯುತ್ತೀಯ. ಜಾರದಿರಲು ಕೈಯಲ್ಲಿ ತಳ್ಳಿಕೊಂಡು ಕೂರುತ್ತೀಯ, ಸಂಜೆಗೆ ಮಣಿಕಟ್ಟು ನೋವು. ಜನ ಹ್ಯಾಂಡಲ್ ಬದಲಾಯಿಸಲು ಹೋಗುತ್ತಾರೆ, ತಪ್ಪು ಸೀಟಿನದು. ಕೂರುವ ಜಾಗ ಮಟ್ಟವಾಗಿರಬೇಕು, ಇಲ್ಲವೇ ಒಂದು ಎಳ್ಳಷ್ಟು ಹಿಂದಕ್ಕೆ ವಾಲಿರಬೇಕು.

ಈಗ ಬ್ಲೇಡು ಮುಟ್ಟದೆ ಎಷ್ಟು ಸಿಗುತ್ತೆ ನೋಡೋಣ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ತೊಡೆ ನಡುವೆ ಮೇಲಕ್ಕೆ ಒತ್ತಿ ಹಿಡಿ, ಅಮ್ಮ ಪೆನ್ಸಿಲ್ ಗೆರೆ ಎಳೆಯಲಿ. ನಿನ್ನ ಎತ್ತರಕ್ಕೆ 72 ಸೆಂಟಿಮೀಟರ್ ಆಸುಪಾಸು ಬಂದೀತು. ಗಟ್ಟಿ ಅಟ್ಟೆಯ ಬೂಟಿಗೆ ಎರಡೂವರೆ, ಮೂರು ಸೇರಿಸು. ಹೊಸ ಹಿಮಾಲಯನ್ನಿನ ಸೀಟು 825 ಮಿ.ಮೀ., ಅದನ್ನೇ 845ಕ್ಕೂ ಏರಿಸಬಹುದು. ಶೋರೂಮಿನಲ್ಲಿ ಯಾವುದರಲ್ಲಿತ್ತು ಅಂತ ನೀನು ಕೇಳಿರಲಿಕ್ಕಿಲ್ಲ. ಕಂಪನಿಯದೇ ತಗ್ಗಿನ ಸೀಟು ಹಾಕಿಸಿದರೆ 805. ಆಮೇಲೆ ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗು. ಅದನ್ನು ಐವತ್ತು ಕಿಲೋದ ನಿನ್ನನ್ನು ನೆನೆದು ಬಿಗಿದಿರುವುದಿಲ್ಲ. ನೀನು ಕೂತರೆ ಅದಕ್ಕೆ ನೊಣ ಕೂತಂತೆ, ಕುಸಿಯುವುದೇ ಇಲ್ಲ. ಆ ಬಿಗಿತವನ್ನು, ಅಂದರೆ ಪ್ರಿಲೋಡನ್ನು, ಸಡಿಲಿಸಿದರೆ ಗಾಡಿ ನಿನ್ನ ಭಾರಕ್ಕೆ ತಕ್ಕಷ್ಟು ತಗ್ಗುತ್ತದೆ, ಹಳ್ಳದಲ್ಲಿ ಎಗರಿಸುವುದೂ ಕಡಿಮೆ. ಲಗೇಜು ಕಟ್ಟಿದ ದಿನ ಮತ್ತೆ ಬಿಗಿ.

ಹಿಂದಿನ ಶಾಕ್ ಅಬ್ಸಾರ್ಬರಿನ ಲಿಂಕ್ ಪ್ಲೇಟು ಬದಲಿಸಿ ಗಾಡಿಯನ್ನೇ ತಗ್ಗಿಸುತ್ತೇವೆ ಅನ್ನುವವರು ಸಿಗುತ್ತಾರೆ. ಬೇಡ. ಹಿಂಭಾಗ ಮಾತ್ರ ಇಳಿದರೆ ಹ್ಯಾಂಡಲ್ ಮಂಕಾಗುತ್ತದೆ, ಅಡಿಯಲ್ಲಿ ಕಲ್ಲು ಬಡಿಯುತ್ತದೆ. ಸೈಡ್ ಸ್ಟ್ಯಾಂಡ್ ಉದ್ದವಾಗಿಬಿಟ್ಟು ಗಾಡಿ ನೆಟ್ಟಗೆ ನಿಲ್ಲುತ್ತೆ, ಬೀದಿನಾಯಿ ಮೈ ಉಜ್ಜಿದರೆ ಆಚೆ ಕಡೆಗೆ ಬೀಳುತ್ತೆ.

ಇಷ್ಟೆಲ್ಲ ಯಾಕೆ, 765ರ ಮೀಟಿಯರೇ ತಗೊಳ್ಳಲಾ ಅಂತೀಯ. ತಗೋಬಹುದು, ನಾನು ತಗೊಂಡೆ. ನನಗೀಗ ಡಾಂಬರು ಸಾಕು. ಕಾಲು ಮುಂದೆ ಚಾಚಿ ಕೂರುವ ಗಾಡಿಯಲ್ಲಿ ಹಳ್ಳ ಬಂದಾಗ ಎದ್ದು ನಿಲ್ಲಲಾಗದು. ಏಟೆಲ್ಲ ಬಾಲದ ಮೂಳೆಗೆ. ಕುಂಜುಮ್ ಕಣಿವೆಯ ಕಲ್ಲುದಾರಿಗೆ ನಿನ್ನ ಆಯ್ಕೆಯೇ ಸರಿ.

ಉಳಿದದ್ದು ಒಂಟಿ ಕಾಲಿನ ಅಭ್ಯಾಸ. ಎರಡೂ ಕಾಲು ನೆಲಕ್ಕೆ ಬೇಕು ಅನ್ನುವ ಹಟವೇ ಕುಳ್ಳರನ್ನು ಬೀಳಿಸುವುದು. ನಿಲ್ಲಿಸುವ ಮೊದಲೇ ಗೇರು ಇಳಿಸಿ, ಸೊಂಟವನ್ನು ಎಡಕ್ಕೆ ಅರ್ಧ ಜಾರಿಸಿ, ಎಡಗಾಲು ಊರು. ಬಲಗಾಲು ಹಿಂದಿನ ಬ್ರೇಕಿನ ಮೇಲೆಯೇ ಇರಲಿ, ಏರಿನಲ್ಲಂತೂ ಅದೇ ಪ್ರಾಣ. ಡಾನಿ ಪೆಡ್ರೋಸ ಅಂತ ಸ್ಪೇನಿನವನು, ಎತ್ತರ ಸುಮಾರು 160 ಸೆಂಟಿಮೀಟರ್, ನನ್ನಷ್ಟೇ. ಮೂರು ಸಲ ವಿಶ್ವ ಚಾಂಪಿಯನ್ ಆದವನು, 2003ರಲ್ಲಿ 125 ಸಿಸಿಯಲ್ಲಿ, ಮುಂದಿನ ಎರಡು ವರ್ಷ 250ರಲ್ಲಿ. ಅವನನ್ನು ಟಿವಿಯಲ್ಲಿ ನೋಡಿದಾಗಲೆಲ್ಲ ನನ್ನ ಎದೆ ಒಂದಿಂಚು ಎತ್ತರವಾಗುತ್ತಿತ್ತು. ಅವನಿಗೆ ಸಿಗ್ನಲ್ಲಿನ ಕಾಟವಿರಲಿಲ್ಲ ಅನ್ನು.

ಒಂದು ಎಚ್ಚರ. ನಮ್ಮ ರಸ್ತೆಗಳಲ್ಲಿ ನೀರು ಹರಿಯಲೆಂದು ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ. ನಾವು ಎಡಕ್ಕೆ ನಿಲ್ಲಿಸುವವರು, ಎಡಗಾಲು ಊರುವವರು. ಹಾಗಾಗಿ ನಮ್ಮ ಕಾಲಿಗೆ ಸಿಗುವ ನೆಲ ಯಾವಾಗಲೂ ಎರಡು ಬೆರಳು ಕೆಳಗೇ. ಡಾಂಬರು ಮುಗಿದು ಮಣ್ಣು ಶುರುವಾಗುವ ಜಾಗದಲ್ಲಂತೂ ಗೇಣು ಕೆಳಗೆ. ನಾನು ಚಾರ್ಮಾಡಿಯಲ್ಲಿ ಕಡಲೆಕಾಯಿ ಕೊಳ್ಳಲು ಹಾಗೆ ನಿಲ್ಲಿಸಿ, ಕಾಲು ಊರಿ, ನೆಲ ಸಿಗದೆ, ಗಾಡಿ ಸಮೇತ ಕಡಲೆಕಾಯಿ ಗುಡ್ಡೆಯ ಪಕ್ಕ ಮಲಗಿದೆ. ಮಾರುವಾಕೆ ಮೊದಲು ಕಡಲೆಕಾಯಿ ಎತ್ತಿಕೊಂಡಳು, ಆಮೇಲೆ ನನ್ನನ್ನು. ನಿಲ್ಲಿಸುವ ನಾಲ್ಕು ಮಾರು ಮುಂಚೆಯೇ ಕಾಲಿಡುವ ಜಾಗ ನೋಡಿಕೋ.

ಲಗೇಜನ್ನು ಸೀಟಿನ ಮೇಲೆ ಗುಡ್ಡೆ ಹಾಕದೆ ಪಕ್ಕಕ್ಕೆ ಇಳಿಬಿಡು. ಹಿಂದೆ ಮೂಟೆ ಇದ್ದರೆ ನಮ್ಮಂಥವರು ಕಾಲು ದಾಟಿಸಿ ಹತ್ತುವುದೇ ಒಂದು ಸರ್ಕಸ್ಸು.

ಕಂಪನಿಯ ಸೀಟಿಗೆ ಬ್ಲೇಡು ಹಾಕಿಸಬೇಡ, ಹಳೆಯದೊಂದು ಸಿಕ್ಕರೆ ಅದನ್ನು ಕೊಯ್ಯಿಸೋಣ. ತೆಗೆದ ಫೋಮನ್ನು ಮತ್ತೆ ಅಂಟಿಸಿದರೆ ಅದು ಅದಾಗುವುದಿಲ್ಲ. ಒಂದು ಸಲಕ್ಕೆ ಬೆರಳಗಲ ತೆಗೆಸಿ, ರೆಕ್ಸಿನ್ ಹೊಲಿಸದೆ ಸುಮ್ಮನೆ ಸುತ್ತಿ ಟೇಪ್ ಹಾಕಿ ಐವತ್ತು ಕಿಲೋಮೀಟರ್ ಓಡಿಸಿ ಬರೋಣ. ಸಾಲದಿದ್ದರೆ ಇನ್ನಷ್ಟು. ನಮ್ಮ ಬೀದಿಯ ಸೀಟಿನವನಿಗೆ ಎರಡು ಮೂರು ಸಲ ಬರುತ್ತೇವೆ ಅಂತ ಈಗಲೇ ಹೇಳಿಟ್ಟಿದ್ದೇನೆ, ಗೊಣಗಿದ, ಒಪ್ಪಿದ್ದಾನೆ.

ಭಾನುವಾರ ಬಾ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದರೆ ನಿಮ್ಮತ್ತೆಗೆ ತಿಂಡಿ ಕೆಲಸ ತಪ್ಪುತ್ತೆ. ಟ್ರಿಪ್ಪಿಗೆ ಯಾವ ಬೂಟು ಹಾಕಿಕೊಳ್ಳುತ್ತೀಯೋ ಅದನ್ನೇ ಹಾಕಿಕೊಂಡು ಬಾ, ಚಪ್ಪಲಿಯಲ್ಲಿ ಬಂದರೆ ಅಳತೆ ತೆಗೆಯುವುದಿಲ್ಲ. ಗುಳಿ ಬಿದ್ದ ಆ ರಟ್ಟಿನ ತುಂಡು ಮರೀಬೇಡ.

ನಿನ್ನ ಮಾವ